ಕಾರ್ಬನ್ನಿಗೆ ನಾಲ್ಕು ಕೈ

ನಮ್ಮ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದವರನ್ನು ಕಚೇರಿಯ ಕಾಗದಗಳಲ್ಲಿ ದೈಹಿಕ ಶಿಕ್ಷಕರು ಎಂದು ಬರೆಯುತ್ತಿದ್ದರು. ಮಕ್ಕಳ ತಂದೆತಾಯಿ ಪೀಟಿ ಸಾರ್ ಎನ್ನುತ್ತಿದ್ದರು. ನಾವು ಸೀಟಿ ಸಾರ್ ಎನ್ನುತ್ತಿದ್ದೆವು. ಸೀಟಿ ಯಾವಾಗಲೂ ಅವರ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಊಟ ಮಾಡುವಾಗ ಮಾತ್ರ ಅದನ್ನು ಬೆನ್ನಿನ ಕಡೆಗೆ ತಳ್ಳಿಕೊಳ್ಳುತ್ತಿದ್ದರು. ಈ ಅಡ್ಡಹೆಸರು ಅವರಿಗೆ ಗೊತ್ತಿತ್ತು. ಒಮ್ಮೆ ಎಂಟನೇ ತರಗತಿಯ ಹುಡುಗನೊಬ್ಬ ಬಾಯಿ ತಪ್ಪಿ ಎದುರಿಗೇ "ಸೀಟಿ ಸಾರ್" ಎಂದು ಕರೆದುಬಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅವರು, "ಮುಚ್ಚಿಕೊಂಡ್ರೆ ಸೀಟಿ ಊದೋದು ಹೇಗೆ? ಕೈ ತೆಗಿ" ಎಂದರು. ಬೈಯಲಿಲ್ಲ. ನಗಲೂ ಇಲ್ಲ. ಅವರು ನಕ್ಕಿದ್ದನ್ನು ಕಂಡವರು ಕಡಿಮೆ. ನಗಿಸುವ ಮಾತನ್ನೂ ಅವರು "ಎಡಕ್ಕೆ ತಿರುಗು" ಎನ್ನುವ ದನಿಯಲ್ಲೇ ಹೇಳುತ್ತಿದ್ದರು.

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅವರ ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದರು. ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ಶಾಲೆಯ ಗೇಟಿನ ಒಳಗೆ ಅವರನ್ನು ಸಾರ್ ಎಂದೂ ಗೇಟಿನ ಹೊರಗೆ ಅಪ್ಪ ಎಂದೂ ಕರೆಯುತ್ತಿದ್ದಳು. ಗೇಟಿನಲ್ಲೇ ಎದುರಾದರೆ ಏನೂ ಕರೆಯುತ್ತಿರಲಿಲ್ಲ.

ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕಿದರೆ ಬೇರೆ ಮೇಷ್ಟ್ರುಗಳು ಏನು ಕೆಲಸ, ಮದುವೆ ಆಯಿತಾ ಎಂದು ಕೇಳುತ್ತಾರೆ. ಸೀಟಿ ಸಾರ್ ಅವರು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಕೊನೇ ಸಲ ಓಡಿದ್ದು ಯಾವಾಗ?" ಎಂದು ಕೇಳುತ್ತಿದ್ದರು. ಹೆಚ್ಚಿನವರು ಯೋಚಿಸಿ, "ಬಸ್ಸಿಗೆ ಸಾರ್" ಎನ್ನುತ್ತಿದ್ದರು. "ಸಿಕ್ತಾ?" "ಇಲ್ಲ ಸಾರ್." ಅವರು ಅದಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹತ್ತನೇ ತರಗತಿ ಮುಗಿದ ಮೇಲೆ ಮನುಷ್ಯರು ಓಡುವುದಿಲ್ಲ ಎಂಬುದು ಅವರ ಅನುಭವವಾಗಿತ್ತು.

ನಾವು ಹತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮಿಸ್ ಹೆರಿಗೆ ರಜೆಯ ಮೇಲೆ ಹೋದರು. ಬದಲಿಗೆ ಯಾರೂ ಬರಲಿಲ್ಲ. ಅದೇ ವಾರ ನಮ್ಮ ಮುಖ್ಯೋಪಾಧ್ಯಾಯಿನಿ, ಅಂದರೆ ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದವರು, ಹತ್ತನೆಯವರ ವೇಳಾಪಟ್ಟಿಯಲ್ಲಿ ಆಟ ಎಂದು ಬರೆದಲ್ಲೆಲ್ಲ ಪುನರಾವರ್ತನೆ ಎಂಬ ಚೀಟಿ ಅಂಟಿಸಲು ಅಂಟಿನ ಬಾಟಲಿ ತರಿಸಿದರು. ಆಗ ನಡೆದ ಮಾತುಕತೆಯನ್ನು ನಾನು ಕೇಳಿಲ್ಲ. ಅಲ್ಲಿದ್ದ ಭಾಷೆಯ ಮೇಷ್ಟ್ರು ಮರುದಿನ ಇಬ್ಬರ ದನಿಯನ್ನೂ ತೆಗೆದು ಕ್ಲಾಸಿನಲ್ಲಿ ಹೇಳಿದ್ದು. ಅವರು ಸ್ವಲ್ಪ ಸೇರಿಸಿರಬಹುದು.

"ಹತ್ತನೆಯವರಿಗೆ ಆಟ ಯಾಕ್ರೀ? ಪರೀಕ್ಷೆ ಒಂದು ಮುಗೀಲಿ, ಆಮೇಲೆ ಜೀವನಪೂರ್ತಿ ಆಡ್ಲಿ" ಎಂದರಂತೆ ದೊಡ್ಡ ಮೇಡಂ.

"ಜೀವನಪೂರ್ತಿ ಆಡಿದವರನ್ನ ನಾನು ಒಬ್ಬರನ್ನೂ ನೋಡಿಲ್ಲ ಮೇಡಂ. ಇವರಿಗೆ ಇದೇ ಕೊನೇ ವರ್ಷ."

"ವಿಜ್ಞಾನಕ್ಕೆ ಮೇಷ್ಟ್ರೇ ಇಲ್ಲ. ನೀವು ಚೆಂಡಿನ ವಿಷಯ ಮಾತಾಡ್ತೀರಿ. ಯಾರು ತಗೋತೀರಿ ವಿಜ್ಞಾನ?"

ಕೋಣೆಯಲ್ಲಿದ್ದ ಮೇಷ್ಟ್ರುಗಳೆಲ್ಲ ಫ್ಯಾನು ನೋಡಿದರಂತೆ. ಫ್ಯಾನು ಕೆಟ್ಟು ನಿಂತಿತ್ತು.

"ನಾನು ತಗೋತೀನಿ" ಎಂದರು ಸೀಟಿ ಸಾರ್. "ಅರ್ಧವಾರ್ಷಿಕ ಪರೀಕ್ಷೇಲಿ ವಿಜ್ಞಾನದಲ್ಲಿ ಒಬ್ಬರೂ ಫೇಲಾಗದೆ ಇದ್ರೆ ಹತ್ತನೆಯವರ ಆಟ ಉಳಿಸ್ಬೇಕು."

"ಒಬ್ಬರು ಫೇಲಾದ್ರೂ?"

"ಅಂಟು ನಾನೇ ಹಚ್ಚಿಕೊಡ್ತೀನಿ."

ದೊಡ್ಡ ಮೇಡಂ ಬಾಟಲಿಯ ಮುಚ್ಚಳ ಹಾಕಿದರು. ಹೀಗೆ ಅವರು ನಮ್ಮ ವಿಜ್ಞಾನದ ಮೇಷ್ಟ್ರಾದರು.

ಮೊದಲ ಕೆಲವು ದಿನ ಅವರು ಪುಸ್ತಕವನ್ನು ಗಟ್ಟಿಯಾಗಿ ಓದಿದರು. ಪ್ರತಿ ವಾಕ್ಯದ ಕೊನೆಗೂ ಕವಾಯತಿನಲ್ಲಿ "ಎಚ್ಚರ್!" ಎನ್ನುವ ಹಾಗೆ ನಿಲ್ಲಿಸುತ್ತಿದ್ದರು. ಪಾಠ ಪರಮಾಣುಗಳದ್ದು. ಯಾವ ಪರಮಾಣು ಇನ್ನೆಷ್ಟು ಪರಮಾಣುಗಳ ಜೊತೆ ಸೇರಬಲ್ಲದು ಎಂಬ ಲೆಕ್ಕಕ್ಕೆ ವೇಲೆನ್ಸಿ ಎಂದು ಹೆಸರು. ಅದು ನಮಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ವ್ಯತ್ಯಾಸ ಏನೆಂದರೆ, ತಿಳಿಯದಿದ್ದರೆ ನಾವು ನಿದ್ದೆ ಮಾಡುತ್ತಿದ್ದೆವು, ಅವರಿಗೆ ಅದು ಆಗುತ್ತಿರಲಿಲ್ಲ.

ಮುಂದಿನದನ್ನು ಅವರ ಮಗಳು ಗೇಟಿನ ಹೊರಗೆ ಹೇಳಿದಳು. ಒಂದು ಬೆಳಿಗ್ಗೆ ಅವಳಮ್ಮ ಒಂದು ಕೈಯಲ್ಲಿ ಹಾಲಿನ ಪಾತ್ರೆಯ ಇಕ್ಕಳ ಹಿಡಿದು, ಇನ್ನೊಂದು ಕೈಯಲ್ಲಿ ಇವಳ ಜಡೆ ಹಿಡಿದು ನಿಂತಿದ್ದರು. ಅಪ್ಪ ಪುಸ್ತಕ ಹಿಡಿದುಕೊಂಡೇ, "ನನ್ನ ಟವೆಲು ಕೊಡೇ" ಎಂದರು.

"ನನಗಿರೋದು ಎರಡೇ ಕೈ ರೀ! ಒಂದು ಹಾಲಿಗೆ, ಒಂದು ಇವಳಿಗೆ. ಮೂರನೇದು ಬೇಕಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅಪ್ಪ ಬಹಳ ಹೊತ್ತು ಅಮ್ಮನನ್ನೇ ನೋಡಿದರಂತೆ. ಆಮೇಲೆ, "ನೀನು ಆಕ್ಸಿಜನ್ನು ಕಣೇ" ಎಂದರಂತೆ.

"ಆಗ್ಲಿ. ಮೊದಲು ಆ ಸ್ಟವ್ ಆರಿಸಿ."

"ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಅಮ್ಮನಿಗೆ ಹೇಳಿದ ಒಳ್ಳೇ ಮಾತು ಅಂದ್ರೆ ಅದೊಂದೇ" ಎಂದಳು ಮಗಳು.

ಅವತ್ತೇ ಸೀಟಿ ಸಾರ್ ಅವರು ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿದರು. ವೇಲೆನ್ಸಿ ಎಂದರೆ ಕೈ, ಅಷ್ಟೇ ಎಂದರು. ಯಾರಿಗೆ ಎಷ್ಟು ಕೈಯೋ ಅಷ್ಟು ಜನರನ್ನು ಹಿಡಿದುಕೊಳ್ಳಬಹುದು. ಆಮೇಲೆ ತಂಡ ಆರಿಸುವ ಹಾಗೆ ಬೆರಳು ತೋರಿಸುತ್ತ ಹೋದರು. ಕ್ಲಾಸ್ ಲೀಡರ್ ಹುಡುಗಿ ಆಕ್ಸಿಜನ್: ಎರಡು ಕೈ. ಅವಳಿ ಅಕ್ಕತಂಗಿಯರು ಹೈಡ್ರೋಜನ್: ಒಬ್ಬೊಬ್ಬರಿಗೆ ಒಂದೇ ಕೈ, ಇನ್ನೊಂದನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಆ ಅವಳಿಗಳಿಗೆ ಒಂದು ರಿಬ್ಬನ್ನಿನ ವಿಷಯದಲ್ಲಿ ಜಗಳವಾಗಿ ಮಾತು ಬಿಟ್ಟಿತ್ತು.

"ಸಾರ್, ಅವಳ ಕೈ ನಾನು ಹಿಡಿಯಲ್ಲ" ಎಂದಳು ಅಕ್ಕ.

"ಹಿಡೀಬೇಡ. ಇಬ್ಬರೂ ಲೀಡರ್ ಕೈ ಹಿಡೀರಿ. ಮಾತು ಬಿಟ್ಟ ಇಬ್ಬರು, ಮಧ್ಯಸ್ಥಿಕೆಗೆ ಒಬ್ಬಳು. ಇದೇ ನೀರು."

ನಾವು ನೀರನ್ನು ನೋಡಿದೆವು. ಲೀಡರ್ ಎರಡೂ ಕಡೆಗೆ ಎಳೆಸಿಕೊಳ್ಳುತ್ತ ನಿಂತಿದ್ದಳು. ನೀರು ಹೀಗಿರುತ್ತದೆ ಎಂದು ನಾವು ಯೋಚಿಸಿರಲಿಲ್ಲ.

ಪುಸ್ತಕದಲ್ಲಿ ಸಾರಜನಕ ಎಂದು ಕರೆಯುವ ನೈಟ್ರೋಜನ್ನಿಗೆ ಮೂರು ಕೈ. ಅದನ್ನು ಮುಂದಿನ ಬೆಂಚಿನ ಗಿಡ್ಡನಿಗೆ ಕೊಟ್ಟರು. ಅವನು ಒಂದು ಕಾಲನ್ನೂ ಎತ್ತಿ ನಿಲ್ಲಬೇಕಿತ್ತು. ಅವನು ಒಂಟಿಕಾಲಿನಲ್ಲಿ ಕುಣಿಯುತ್ತ, "ಸಾರ್, ಜನಕ ಅಂದ್ರೆ ಅಪ್ಪ ಅಲ್ವಾ? ನಾನು ಸಾರ್-ಜನಕ ಅಂದ ಮೇಲೆ ನಿಮಗೆ ನಾನು ಏನಾಗಬೇಕು?" ಎಂದು ಕೇಳಿದ.

"ಪಾಸಾಗಬೇಕು" ಎಂದರು ಸೀಟಿ ಸಾರ್.

ಕಾರ್ಬನ್ನಿಗೆ ನಾಲ್ಕು ಕೈ. ಇದಕ್ಕೆ ಉದ್ದ ಕೈಕಾಲಿನವನೇ ಆಗಬೇಕು ಎಂದು ಏಣಿಯನ್ನು ಕರೆದರು. ಏಣಿ ಎಂದರೆ ನಮ್ಮ ಕ್ಲಾಸಿನ ಅತಿ ಎತ್ತರದ ಹುಡುಗ. ಓದಿನಲ್ಲಿ ಅವನು ಪ್ರತಿ ಸಲವೂ ಅಂಚಿನಲ್ಲಿ ಪಾಸಾಗುತ್ತಿದ್ದ. ಎರಡೂ ಕೈ ಎರಡೂ ಕಾಲು ಒಟ್ಟಿಗೆ ಕೊಡಬೇಕೆಂದರೆ ನಿಂತುಕೊಂಡು ಆಗುವುದಿಲ್ಲವಲ್ಲ, ಆದ್ದರಿಂದ ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿದರು. ಕೈಗಳನ್ನು ಅವಳಿಗಳು ಹಿಡಿದರು, ಕಾಲುಗಳನ್ನು ಇನ್ನಿಬ್ಬರು ಹೈಡ್ರೋಜನ್ನುಗಳು ಹಿಡಿದರು. ಇದಕ್ಕೆ ಮೀಥೇನ್ ಎಂದು ಹೆಸರು.

"ಎಳೀರಿ" ಎಂದರು ಸಾರ್.

"ಸಾರ್, ಪ್ಯಾಂಟು ಹರಿಯುತ್ತೆ!"

"ಕಾರ್ಬನ್ನಿಗೆ ಪ್ಯಾಂಟಿಲ್ಲ."

"ನನಗಿದೆ ಸಾರ್."

ಸ್ಟಾಫ್ ರೂಮಿನ ಕಿಟಕಿಯಿಂದ ಭಾಷೆಯ ಮೇಷ್ಟ್ರು ತಲೆ ಹಾಕಿದರು. ಅವರಿಗೆ ಮಾತಿನ ಚಟ. "ಏನ್ರೀ ಸೀಟಿ, ಇಂಗಾಲ ಕಲಿಸ್ತೀನಿ ಅಂದ್ರಿ, ಹುಡುಗನ ಹಿಂಗಾಲು ಹಿಡಿಸಿದೀರಲ್ಲ?"

"ಹಿಂಗಾಲಲ್ಲ ಸಾರ್. ಮೂರನೇ ಕೈ, ನಾಲ್ಕನೇ ಕೈ."

ಕಾರ್ಬನ್ ಡೈಆಕ್ಸೈಡ್ ಮಾಡಿದಾಗ ಲೀಡರ್ ಏಣಿಯ ಎರಡೂ ಕೈ ಹಿಡಿದಳು, ಇನ್ನೊಬ್ಬ ಆಕ್ಸಿಜನ್ ಎರಡೂ ಕಾಲು ಹಿಡಿದ, ಇಬ್ಬರೂ ಸೇರಿ ಎತ್ತಿದರು. ಗಿಡ್ಡ, "ಸಾರ್, ಇದು ಹೆಣ ಎತ್ತಿದ ಹಾಗೆ ಕಾಣುತ್ತೆ" ಎಂದ. "ಉಸಿರು ಬಿಟ್ಟ ಮೇಲೆ ಬರೋದೇ ಇದು" ಎಂದರು ಸಾರ್. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಕಾಲು ಹಿಡಿದವನು ನಗುತ್ತ ಕೈಬಿಟ್ಟ. ಏಣಿ ಕೆಳಗೆ ಬಿದ್ದ.

ನನಗೆ ಕೊಟ್ಟದ್ದು ಆರ್ಗಾನ್. ಅದು ಜಡಾನಿಲ, ಯಾರ ಜೊತೆಗೂ ಸೇರುವುದಿಲ್ಲ, ಅದಕ್ಕೆ ಕೈಯೇ ಇಲ್ಲ. ನಾನು ಏನು ಮಾಡಬೇಕು ಎಂದು ಕೇಳಲು ಹೋದಾಗ ಸಾರ್ ನನ್ನನ್ನು ನೋಡಿ, "ನೀನು ಹೀಗೇ ಇರು, ಸರಿಯಾಗಿದೆ" ಎಂದರು.

ಪರೀಕ್ಷೆಯ ಹೊತ್ತಿಗೆ ನಮ್ಮಲ್ಲಿ ಯಾರನ್ನು ಕೇಳಿದರೂ ಅಣುಗಳ ರಚನೆ ಹೇಳುತ್ತಿದ್ದರು. ಹೇಳುವ ಮೊದಲು ಒಂದು ಕೆಲಸ ಮಾಡಬೇಕಿತ್ತು, ಅಷ್ಟೇ. ಮೀಥೇನ್ ಎಂದರೆ ಏಣಿಯ ಕಡೆ ಒಮ್ಮೆ ನೋಡಬೇಕು. ನೋಡಿದ ಕೂಡಲೇ ಯಾರು ಯಾವ ಕಾಲು ಹಿಡಿದಿದ್ದರು ಎಂಬುದು ನೆನಪಾಗುತ್ತಿತ್ತು. ನೋಡದೆ ಇದ್ದರೆ ಆಗುತ್ತಿರಲಿಲ್ಲ. ಇದು ನಮಗೆ ವಿಶೇಷವಾಗಿ ತೋರಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ಮೇಲ್ವಿಚಾರಕರು ಬೇರೆ ಶಾಲೆಯಿಂದ ಬರುವ ಪದ್ಧತಿ. ವಿಜ್ಞಾನದ ದಿನ ಬಂದವರು ಕೋಟು ಹಾಕಿದ್ದ ಒಬ್ಬ ಮೇಷ್ಟ್ರು. ಅವರ ಬೂಟು ಸದ್ದು ಮಾಡುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಕೊಟ್ಟು ಸ್ವಲ್ಪ ಹೊತ್ತಾಗಿತ್ತು. ಮೀಥೇನ್ ಅಣುವಿನ ರಚನೆ ಬರೆಯಿರಿ ಎಂಬ ಪ್ರಶ್ನೆ ಬಂತು. ಇಡೀ ಕೋಣೆಯ ತಲೆಗಳು ಒಟ್ಟಿಗೆ ಏಣಿಯ ಕಡೆ ತಿರುಗಿದವು. ಏಣಿ ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಬಗ್ಗಿ ಕಾಲುಗಳನ್ನು ನೋಡಿಕೊಂಡ.

ಕೋಟಿನ ಮೇಷ್ಟ್ರು ಅವನ ಪಕ್ಕದಲ್ಲಿ ನಿಂತಿದ್ದರು.

"ಕಾಲಲ್ಲಿ ಏನಿದೆ?"

"ಬೆರಳು ಸಾರ್."

"ಬೂಟು ಬಿಚ್ಚು. ಕಾಲುಚೀಲಾನೂ."

ಅವನು ಬಿಚ್ಚಿದ. ಕಾಲುಚೀಲದಲ್ಲಿ ತೂತು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅವನನ್ನು ಎಬ್ಬಿಸಿ ಕೊನೆಯ ಬೆಂಚಿಗೆ ಕಳಿಸಿದರು. ಮೀಥೇನ್ ಇನ್ನೂ ಬರೆಯದಿದ್ದವರು ಹಿಂದಕ್ಕೆ ತಿರುಗಿ ನೋಡಿದರು.

"ಎಲ್ಲರೂ ಇವನನ್ನೇ ಯಾಕೆ ನೋಡ್ತೀರಿ?"

ಏಣಿಯೇ, "ನಾನು ಕಾರ್ಬನ್ ಸಾರ್" ಎಂದ.

"ಹೆಸರು ಬೇರೆ ಇಟ್ಟುಕೊಂಡಿದ್ದೀರಾ? ಎಷ್ಟು ಕಾಪಿ ಬರುತ್ತೆ?" ಎಂದು ಕೇಳಿ, ಅವರು ಅವನನ್ನು ಮೇಜಿನ ಸಮೇತ ವರಾಂಡಕ್ಕೆ ಕಳಿಸಿದರು. ಆಮೇಲೆ ಎರಡು ಬೆಂಚುಗಳ ನಡುವೆ ನಿಂತು ನಮ್ಮ ಕಣ್ಣುಗಳನ್ನು ಕಾಯತೊಡಗಿದರು. ಅಷ್ಟರಲ್ಲಿ ಹೆಚ್ಚಿನವರ ಮೀಥೇನ್ ಮುಗಿದಿತ್ತು. ಜಡಾನಿಲಕ್ಕೆ ಒಂದು ಉದಾಹರಣೆ ಕೊಡಿ ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನನ್ನು ನೋಡಿದರು. ಕೋಟಿನ ಮೇಷ್ಟ್ರೂ ನೋಡಿದರು. ಆ ಒಂದು ಅಂಕ ನನಗೆ ಬಹಳ ಕಷ್ಟದ್ದಾಯಿತು.

ನಾನು ಕಿಟಕಿಯ ಪಕ್ಕದಲ್ಲಿದ್ದೆ. ವರಾಂಡವೂ ಮೈದಾನವೂ ಅಲ್ಲಿಂದ ಕಾಣುತ್ತಿದ್ದವು. ಸೀಟಿ ಸಾರ್ ಅವರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಅವರ ಕಾರ್ಬನ್ನು ಒಂಟಿಯಾಗಿ ಹೊರಗೆ ಕೂತಿದ್ದನ್ನು ಕಂಡು ಅವರ ಗೆರೆ ಸೊಟ್ಟಗಾಯಿತು. ಆದರೂ ಹತ್ತಿರ ಬರಲಿಲ್ಲ. ಪರೀಕ್ಷೆ ನಡೆಯುವಾಗ ಆ ವಿಷಯದ ಮೇಷ್ಟ್ರು ಕೋಣೆಯ ಬಳಿ ಸುಳಿಯಬಾರದು ಎಂಬ ನಿಯಮವಿದೆ.

ಏಣಿಯ ಕಷ್ಟ ಬೇರೆಯದೇ ಇತ್ತು, ಅದು ಯಾರಿಗೂ ಹೊಳೆದಿರಲಿಲ್ಲ. ಕಾರ್ಬನ್ ಪಾಠಗಳಲ್ಲೆಲ್ಲ ಅವನು ಅಂಗಾತ ಮಲಗಿದ್ದ. ಉಳಿದ ಪಾಠಗಳಲ್ಲೂ, ಮುಂದಿನ ಅಣುವಿಗೆ ಮತ್ತೆ ಬೇಕಾಗುತ್ತಾನೆ ಎಂದು ಸಾರ್ ಅವನನ್ನು ಏಳಿಸುತ್ತಿರಲಿಲ್ಲ. ನಾವೆಲ್ಲ ಅವನನ್ನು ನೋಡಿ ಕಲಿತೆವು. ಅವನು ಆಕಾಶ ನೋಡಿದ. ಅವನಿಗೆ ಕಾರ್ಬನ್ ಒಂದು ಬರುತ್ತಿತ್ತು. ಕೋಣೆಯ ಒಳಗಿದ್ದರೆ ಬೇರೆಯವರ ಕಡೆ ಒಮ್ಮೆ ನೋಡಿ ಏನಾದರೂ ನೆನಪು ಮಾಡಿಕೊಳ್ಳುತ್ತಿದ್ದನೋ ಏನೋ. ವರಾಂಡದಲ್ಲಿ ನೋಡಲು ಯಾರೂ ಇರಲಿಲ್ಲ.

ನೈಟ್ರೋಜನ್ನಿನ ಪ್ರಶ್ನೆಗೆ ಬಂದಾಗ ಅವನು ತಲೆ ಎತ್ತಿ ಮೈದಾನದ ಕಡೆ ನೋಡಿದ. ಎರಡೂ ಕೈಯನ್ನು ಮೇಜಿನ ಮೇಲಿಟ್ಟ. ಆಮೇಲೆ ಮೇಜಿನ ಕೆಳಗಿಂದ ಒಂದು ಬರಿಗಾಲನ್ನು ನಿಧಾನವಾಗಿ ಹೊರಗೆ ಚಾಚಿದ. ಎರಡಾ, ಮೂರಾ ಎಂದು ಅವನು ಕೇಳುತ್ತಿದ್ದ. ಕಿಟಕಿಯಿಂದ ನೋಡಿದ ನನಗೇ ತಿಳಿದ ಮೇಲೆ ಸಾರ್ ಅವರಿಗೆ ತಿಳಿಯದೆ ಇರುವುದಿಲ್ಲ. ತಲೆ ಒಮ್ಮೆ ಆಡಿಸಿದ್ದರೂ ಸಾಕಿತ್ತು. ಕೋಟಿನ ಮೇಷ್ಟ್ರು ನಮ್ಮನ್ನು ಕಾಯುತ್ತಿದ್ದರು, ಹೊರಗೆ ನೋಡುವವರಿರಲಿಲ್ಲ. ಸೀಟಿ ಸಾರ್ ಅವರು ಸುಣ್ಣದ ಡಬ್ಬಿ ಕೆಳಗಿಟ್ಟರು. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡರು. ಬೆನ್ನು ತಿರುಗಿಸಿ ಕಾಂಪೌಂಡ್ ಗೋಡೆಯನ್ನು ನೋಡುತ್ತ ನಿಂತರು. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಬೆಲ್ ಹೊಡೆಯುವವರೆಗೂ ಅವರು ತಿರುಗಲಿಲ್ಲ.

ಪರೀಕ್ಷೆ ಮುಗಿದ ಕೂಡಲೇ ಕೋಟಿನ ಮೇಷ್ಟ್ರು ದೊಡ್ಡ ಮೇಡಂ ಅವರಲ್ಲಿಗೆ ಹೋಗಿ, ಇಡೀ ತರಗತಿ ಸಾಮೂಹಿಕ ನಕಲು ಮಾಡಿದೆ ಎಂದರು. ದೊಡ್ಡ ಮೇಡಂ ನಮ್ಮನ್ನೂ ಸೀಟಿ ಸಾರ್ ಅವರನ್ನೂ ಮೈದಾನಕ್ಕೆ ಕರೆಸಿದರು.

"ಏನಿದು?"

"ಹೇಳಿದ್ರೆ ತಿಳಿಯಲ್ಲ ಮೇಡಂ, ತೋರಿಸ್ಬೇಕು" ಎಂದರು ಸಾರ್. "ಮೀಥೇನ್!" ಎಂದು ಸೀಟಿ ಊದಿದರು.

ಏಣಿ ಓಡಿಹೋಗಿ ಮಲಗಿದ. ಅವಳಿಗಳು ಒಂದೊಂದು ಕೈ ಹಿಡಿದರು. ಒಂದು ಕಾಲಿಗೆ ಜನ ಸಿಕ್ಕರು. ಇನ್ನೊಂದು ಕಾಲಿನ ಹೈಡ್ರೋಜನ್ ಆಗಲೇ ಬಸ್ಸಿಗೆ ಹೋಗಿಬಿಟ್ಟಿದ್ದ. ಏಣಿಯ ಎಡಗಾಲು ಗಾಳಿಯಲ್ಲಿ ನಿಂತಿತ್ತು.

ಸೀಟಿ ಸಾರ್ ಅವರು ಕೋಟಿನ ಮೇಷ್ಟ್ರ ಕಡೆ ತಿರುಗಿ, "ಸಾರ್, ಒಂದು ನಿಮಿಷ, ಇದನ್ನ ಹಿಡ್ಕೋತೀರಾ? ಇಲ್ಲದಿದ್ರೆ ಅಣು ಪೂರ್ತಿಯಾಗಲ್ಲ" ಎಂದರು.

ಕೋಟಿನ ಮೇಷ್ಟ್ರು ದೊಡ್ಡ ಮೇಡಂ ಅವರನ್ನು ನೋಡಿದರು. ದೊಡ್ಡ ಮೇಡಂ, "ಹಿಡೀರಿ ಸಾರ್, ಪೂರ್ತಿಯಾಗ್ಲಿ" ಎಂದರು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ಅದರಿಂದ ಕಾಲು ಹಿಡಿದುಕೊಂಡರು.

"ಇನ್ನೊಂದು ಕೈ ಬೆನ್ನ ಹಿಂದೆ ಸಾರ್" ಎಂದಳು ಅವಳಿಗಳಲ್ಲಿ ತಂಗಿ.

ಅವರು ಹಾಗೇ ಮಾಡಿದರು. ಎಲ್ಲರೂ ಎಳೆದರು. ಆಮೇಲೆ ಅವರು ಕರವಸ್ತ್ರವನ್ನು ಮಡಚಿ, "ದೂರು ಬರೆಯೋದು ಹೇಗೆ ಅಂತ ನನಗೆ ಗೊತ್ತಾಗ್ತಿಲ್ಲ" ಎಂದು ಹೇಳಿ ಹೊರಟುಹೋದರು.

ಫಲಿತಾಂಶ ಬಂತು. ಒಬ್ಬನನ್ನು ಬಿಟ್ಟು ಎಲ್ಲರೂ ವಿಜ್ಞಾನದಲ್ಲಿ ಪಾಸು. ಏಣಿ ಎರಡು ಅಂಕದಿಂದ ಫೇಲು. ನೈಟ್ರೋಜನ್ನಿನ ಪ್ರಶ್ನೆಗೆ ಎರಡು ಅಂಕವಿತ್ತು.

ಏಣಿ ಮೈದಾನದ ಕಲ್ಲಿನ ಮೇಲೆ ಕೂತಿದ್ದ. ನಾವು ಸುತ್ತ ನಿಂತಿದ್ದೆವು. ಸೀಟಿ ಸಾರ್ ಬಂದು ಅವನ ಪಕ್ಕದಲ್ಲಿ ಕೂತರು.

"ಮೂರು ಅಂತ ಕಾಲು ಚಾಚಿದ್ದೆಯಲ್ಲೋ. ಮತ್ತೆ ಯಾಕೆ ಎರಡು ಅಂತ ಬರೆದೆ?"

"ನೀವು ಆ ಕಡೆ ತಿರುಗಿಕೊಂಡ್ರಲ್ಲ ಸಾರ್. ಮೂರಲ್ಲ ಅಂತ ಹೇಳ್ತಿದೀರಿ ಅಂದ್ಕೊಂಡೆ."

ಸಾರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

ಲೀಡರ್‌ಗೆ ಅಳು ಬಂದಿತ್ತು. "ಸಾರ್, ದೊಡ್ಡ ಮೇಡಂಗೆ ಹೇಳೋಣ. ಇವನನ್ನ ಹೊರಗೆ ಕೂರಿಸಿದ್ದಕ್ಕೇ ಹೀಗಾಯ್ತು. ಒಳಗಿದ್ದಿದ್ರೆ ಬರೀತಿದ್ದ."

"ಹೊರಗೆ ಕೂರಿಸಿದ್ದಕ್ಕಲ್ಲಮ್ಮ. ನಾನು ಮಲಗಿಸಿದ್ದಕ್ಕೆ" ಎಂದು ಸಾರ್ ಎದ್ದರು.

ಅವರು ನೇರವಾಗಿ ದೊಡ್ಡ ಮೇಡಂ ಅವರ ಕೋಣೆಗೆ ಹೋದರು. ನಾವು ಬಾಗಿಲ ಹೊರಗೆ ನಿಂತೆವು. ಈ ಮಾತುಕತೆಯನ್ನು ನಾನೇ ಕೇಳಿದೆ.

"ಅಂಟಿನ ಬಾಟಲಿ ಕೊಡಿ ಮೇಡಂ."

"ಕೂತ್ಕೊಳ್ರೀ. ಎಲ್ಲಾ ವರ್ಷದ್ದಕ್ಕಿಂತ ಚೆನ್ನಾಗಿ ಬಂದಿದೆ. ಆ ಹುಡುಗನದು ಬೇರೆ ಕಥೆ, ನನಗೂ ಗೊತ್ತು."

"ಒಬ್ಬರು ಫೇಲಾದ್ರೂ ಅಂತ ಮಾತಾಗಿತ್ತು."

ದೊಡ್ಡ ಮೇಡಂ ಬಾಟಲಿ ಕೊಟ್ಟರು. ಸೀಟಿ ಸಾರ್ ಅವರು ಗೋಡೆಯ ವೇಳಾಪಟ್ಟಿಯ ಮುಂದೆ ನಿಂತು, ಆಟ ಎಂದಿದ್ದಲ್ಲೆಲ್ಲ ಅಂಟು ಹಚ್ಚಿ ಚೀಟಿ ಅಂಟಿಸಿದರು. ಒಂದು ಚೀಟಿ ಸೊಟ್ಟಗಾಯಿತೆಂದು ಕಿತ್ತು ಮತ್ತೆ ನೆಟ್ಟಗೆ ಅಂಟಿಸಿದರು. ಗಿಡ್ಡ ನನ್ನ ಭುಜದ ಹಿಂದೆ, "ಇವರಿಗೆ ಸೋಲೋಕೂ ಬರಲ್ವಲ್ಲಪ್ಪ, ನೀಟಾಗಿ ಸೋಲ್ತಿದಾರೆ" ಎಂದು ಪಿಸುಗುಟ್ಟಿದ.

"ಆಯ್ತು" ಎಂದರು ದೊಡ್ಡ ಮೇಡಂ. "ಈಗ ಈ ಪುನರಾವರ್ತನೆ ಯಾರು ತಗೋತಾರೆ? ಎಲ್ಲರಿಗೂ ಕೈತುಂಬಾ ಕ್ಲಾಸಿದೆ. ನಿಮ್ಮದೊಂದೇ ಈಗ ಖಾಲಿಯಾಗಿರೋದು."

ಸಾರ್ ಅವರು ಅಂಟಿನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. "ವಿಜ್ಞಾನವೇ?"

"ವಿಜ್ಞಾನವೇ."

"ಎಲ್ಲಿ ತಗೋಬೇಕು ಅಂತ ಚೀಟೀಲಿ ಬರೆದಿಲ್ಲ ಮೇಡಂ."

"ಚೀಟಿ ಚಿಕ್ಕದು" ಎಂದರು ದೊಡ್ಡ ಮೇಡಂ.

ಮೊದಲ ಪುನರಾವರ್ತನೆಯ ದಿನ ಸಾರ್ ನಮ್ಮನ್ನು ಮೈದಾನದಲ್ಲಿ ನಿಲ್ಲಿಸಿ, ತಾವೇ ನೆಲದ ಮೇಲೆ ಅಂಗಾತ ಮಲಗಿದರು. ಕೈಕಾಲು ಚಾಚಿದರು. ಸೀಟಿಯನ್ನು ಏಣಿಗೆ ಕೊಟ್ಟು, ಅವನನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದರು. ಅವಳಿಗಳು ಸಾರ್ ಅವರ ಕೈ ಹಿಡಿಯಲು ನಾಚಿಕೊಂಡು, ಕೊನೆಗೆ ಅಂಗಿಯ ತೋಳು ಹಿಡಿದರು. ಏಣಿ ಮೇಲಿಂದ ಬಹಳ ಹೊತ್ತು ನೋಡಿದ.

"ಹೀಗಾ ಸಾರ್ ಇರೋದು?"

"ಹೂಂ."

"ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಗಿಡ್ಡನ್ನ ನೋಡು. ಎಷ್ಟು ಕೈ?"

"ಮೂರು ಸಾರ್."

"ಗಟ್ಟಿಯಾಗಿ."

"ಮೂರು ಸಾರ್!"

ಸಾರ್ ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡರು. ಪೀರಿಯಡ್ ಇನ್ನೂ ಅರ್ಧ ಉಳಿದಿತ್ತು. "ಮುಂದಿನ ಪಾಠ" ಎಂದರು. "ಮೀಥೇನಿಗೆ ಬೆಂಕಿ ಹತ್ತಿದ್ರೆ ಕೈಗಳೆಲ್ಲ ಬಿಟ್ಟುಹೋಗ್ತವೆ. ಆಕ್ಸಿಜನ್ನುಗಳು ಸಿಕ್ಕಿದವರನ್ನ ಹಿಡೀತವೆ. ಹೈಡ್ರೋಜನ್ನುಗಳು ತಪ್ಪಿಸ್ಕೋಬೇಕು. ಗೆರೆ ದಾಟಬಾರದು. ಏಣಿ, ಊದು."

ಏಣಿ ಊದಿದ. ಅವಳಿಗಳು ಒಂದೇ ದಿಕ್ಕಿಗೆ ಓಡಿದರು. ಲೀಡರ್ ಕಿರುಚುತ್ತ ಬೆನ್ನಟ್ಟಿದಳು. ಧೂಳೆದ್ದಿತು. ಗಿಡ್ಡ ತಾನು ಈ ಪಾಠದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಮರೆತು ಎಲ್ಲರಿಗಿಂತ ಮುಂದೆ ಓಡುತ್ತಿದ್ದ.

ದೊಡ್ಡ ಮೇಡಂ ಅವರ ಕಿಟಕಿ ತೆರೆಯಿತು.

"ಏನ್ರೀ ಅದು?"

"ದಹನಕ್ರಿಯೆ ಮೇಡಂ" ಎಂದರು ಸೀಟಿ ಸಾರ್, ನೆಟ್ಟಗೆ ನಿಂತು.

ದೊಡ್ಡ ಮೇಡಂ ಧೂಳನ್ನು ನೋಡಿದರು. "ಎಷ್ಟು ಹೊತ್ತು ಉರಿಯುತ್ತೆ?"

"ಬೆಲ್ ಹೊಡೆಯೋವರೆಗೆ ಮೇಡಂ."